ಉತ್ತರ ಹೋಗದ ಕಾಗದ

"ಬ್ಯಾಡಗಿಯಲ್ಲಿ ಒಬ್ಬ ತೂಕದವನಿದ್ದನಂತೆ. ಸಾವಿರದ ಒಂಬೈನೂರು ವರ್ಷಗಳ ಹಿಂದೆ ತೀರಿಹೋದ ಒಬ್ಬ ಸಂತನಿಗೆ ಕಾಗದ ಬರೆಯಹೊರಟು, ಆ ಹುಚ್ಚಿನಲ್ಲಿ ಇದ್ದ ಸಭೆಯನ್ನು ಒಡೆದು ಅರ್ಧ ಮಂದಿಯನ್ನು ಓಡಿಸಿದನಂತೆ."

ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ನಮ್ಮ ಕ್ರೈಸ್ತ ಮನೆತನಗಳು ಸೇರಿದಲ್ಲೆಲ್ಲ ಈ ಕತೆ ಹೀಗೆಯೇ ನಡೆದುಬಂದಿದೆ. ಹೇಳುವವರು ನಗುತ್ತಾರೆ, ಕೇಳುವವರು ನಗುತ್ತಾರೆ. ಬಹುಕಾಲ ನಾನೂ ನಕ್ಕಿದ್ದೇನೆ. ಆ ತೂಕದವರು ನನ್ನ ತಂದೆಯ ತಮ್ಮ, ನನ್ನ ಕಾಕಾ. ಕತೆಯಲ್ಲಿರುವ 'ಹುಚ್ಚು' ಎಂಬ ಶಬ್ದದ ಬಗ್ಗೆ ನನಗೆ ತಕರಾರಿಲ್ಲ. ಅದು ಇತ್ತು, ಧಾರಾಳವಾಗಿಯೇ ಇತ್ತು! ನನ್ನ ತಕರಾರು 'ಅರ್ಧ ಮಂದಿ' ಎಂಬ ಮಾತಿನ ಮೇಲೆ. ಮೊನ್ನೆ ರಾಣೇಬೆನ್ನೂರಿನ ಸಭೆಯವರು, ಆ ಸಂತ ಬರೆದ ಹಳೆಯ ಪತ್ರದಿಂದ ಇಂದಿನ ಭಕ್ತರು ಕಲಿಯಬೇಕಾದದ್ದೇನು ಎಂದು ನನ್ನನ್ನು ಕೇಳಿದರು. ನಾನು ಕಲಿತ ರೀತಿಯನ್ನಷ್ಟೇ ಹೇಳಬಲ್ಲೆ. ಅದು ಅಷ್ಟೊಂದು ಮರ್ಯಾದೆಯ ರೀತಿಯಾಗಿರಲಿಲ್ಲ.

ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುತ್ತಿದ್ದರು. ಅವರ ಹುಚ್ಚು ಒಂದೇ: ಬಂದ ಕಾಗದಕ್ಕೆ ಉತ್ತರ ಹೋಗಲೇಬೇಕು. ಪಡಸಾಲೆಯ ಕಂಬದಲ್ಲಿ ಒಂದು ಕೊಕ್ಕೆಯ ತಂತಿ ತೂಗುತ್ತಿತ್ತು. ಉತ್ತರ ಬರೆದು ಮುಗಿಸಿದ ಕಾಗದಕ್ಕೆ ಮಾತ್ರ ಆ ತಂತಿಗೆ ಏರುವ ಅಧಿಕಾರ. ಉಳಿದವೆಲ್ಲ ಅವರ ತಲೆದಿಂಬಿನ ಕೆಳಗೆ. ಒಮ್ಮೆ ಮುಂಬಯಿಯಿಂದ ಕೂದಲೆಣ್ಣೆಯ ಛಾಪಿಸಿದ ಜಾಹೀರಾತೊಂದು ಟಪಾಲಿನಲ್ಲಿ ಬಂತು. ಕಾಕಾ ಅದಕ್ಕೂ ಉತ್ತರ ಬರೆಸಿದರು: "ತಮ್ಮ ಪತ್ರ ಮುಟ್ಟಿ ಸಂತೋಷವಾಯಿತು. ನನ್ನ ತಲೆಯ ಮೇಲೆ ಕೂದಲು ಉಳಿದಿಲ್ಲ. ತಮ್ಮ ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ." ಎಣ್ಣೆಯವರು ಗಿರಾಕಿ ಸಿಕ್ಕನೆಂದು ಮತ್ತೆ ಕಳಿಸಿದರು. ಕಾಕಾ ಮತ್ತೆ ಕ್ಷೇಮ ಕೇಳಿದರು. ಮೂರು ವರ್ಷ ನಡೆಯಿತು! ಕಾಕಾನ ಹೆಂಡತಿ, ನನ್ನ ಚಿಗವ್ವ, ಹೇಳುತ್ತಿದ್ದಳು: "ಎಣ್ಣಿಯವರು ಬೀಗರಾಗಿ ಮುಗದೈತಿ. ಇನ್ನ ಹೆಣ್ಣು ಕೊಟ್ಟು ತರೂದೊಂದು ಬಾಕಿ."

ಈ ಉತ್ತರಗಳನ್ನೆಲ್ಲ ಬರೆಯುತ್ತಿದ್ದವನು ನಾನು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಹಾವೇರಿಯ ಏಲಕ್ಕಿ ಅಂಗಡಿಯೊಂದರಲ್ಲಿ ಕಾರಕೂನ. ಶನಿವಾರ ಸಂಜೆಯ ಗಾಡಿಗೆ ಬ್ಯಾಡಗಿಗೆ ಬಂದು, ರವಿವಾರದ ಪ್ರಾರ್ಥನೆ ಮುಗಿಸಿ ತಿರುಗಿ ಹೋಗುವುದು ನನ್ನ ರೂಢಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಅದರಾಚೆಯ ವಿದ್ಯೆಯನ್ನೆಲ್ಲ ಹಳೆಯ ಪುಸ್ತಕಗಳಿಂದ ನಾನೇ ಸಂಪಾದಿಸಿದ್ದೆ. ತಾನೇ ಕಲಿತವನಿಗೆ ಒಂದು ಸೌಕರ್ಯವಿದೆ: ತಪ್ಪು ತೋರಿಸುವ ಗುರು ಇಲ್ಲದ ಕಾರಣ, ತಪ್ಪೇ ಇಲ್ಲವೆಂದು ತಿಳಿದು ಸುಖವಾಗಿರಬಹುದು. ಅದರ ಮೇಲೆ ಬಲಗೈಯಲ್ಲಿ ಮಾವನವರು ಮದುವೆಗೆ ಹಾಕಿದ ಚಿನ್ನದ ಉಂಗುರ. ಸಭೆಯಲ್ಲಿ ಓದುವಾಗ ಸಾಲಿನ ಕೆಳಗೆ ಬೆರಳಾಡಿಸುವ ಅಭ್ಯಾಸ ನನಗಿತ್ತು. ಅದು ದೃಷ್ಟಿದೋಷದಿಂದ ಬಂದದ್ದಲ್ಲ!

ನಮ್ಮ ಪ್ರಾರ್ಥನಾಮಂದಿರ ಮೊದಲು ಮೆಣಸಿನಕಾಯಿ ಮಳಿಗೆಯಾಗಿತ್ತು. ಗೋಡೆಗಳಿಗೆ ಎರಡು ಸಲ ಸುಣ್ಣ ಬಳಿದರೂ ಖಾರ ಮತಾಂತರಗೊಳ್ಳಲಿಲ್ಲ. ನಾವು ಬ್ಯಾಡಗಿಯ ಮೂಗಿನವರು, ನಮಗೆ ಏನೂ ಆಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಪವಿತ್ರ ಭೋಜನ ನಡೆಸಿಕೊಡಲು ರಾಣೇಬೆನ್ನೂರಿನಿಂದ ಬರುತ್ತಿದ್ದ ಪಾದ್ರಿಗಳ ಗತಿಯೇ ಬೇರೆ. ನರಕದ ವರ್ಣನೆಯನ್ನು ಅವರು ಎಂದೂ ಪೂರ್ತಿಗೊಳಿಸಲಿಲ್ಲ. ಬೆಂಕಿಯ ಹತ್ತಿರ ಬಂದಾಗಲೆಲ್ಲ ಏಳೆಂಟು ಸೀನು ಬಂದು, ನೇರವಾಗಿ ಆಶೀರ್ವಾದಕ್ಕೆ ಇಳಿದುಬಿಡುತ್ತಿದ್ದರು.

ಮಂದಿರದ ಮುಂಭಾಗದಲ್ಲಿ ಒಂದು ಜಮಖಾನೆ. ಅದರ ಮೇಲೆ ಹೊಲವಿದ್ದ ಮನೆತನಗಳು, ಅಂದರೆ ನಾವು. ಅದರ ಹಿಂದೆ ಬರಿನೆಲ. ಹೊಸ್ತಿಲ ಹೊರಗೆ ಮಾರ್ತವ್ವ. ಊರಾಚೆಯ ಕೇರಿಯಿಂದ ಬರುತ್ತಿದ್ದ ವಿಧವೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಆಕೆಯ ಕಸುಬು. ಭೋಜನದ ದಿನ ದ್ರಾಕ್ಷಾರಸದ ಪಾತ್ರೆ ಎಲ್ಲರ ಕೈ ದಾಟಿ ಬರುತ್ತಿತ್ತು. ಆಕೆಗೆ ಮಾತ್ರ ತೆಂಗಿನ ಪರಟೆಯಲ್ಲಿ ಸುರಿದು ಕೊಡುತ್ತಿದ್ದರು. ಯಾಕೆಂದು ಕೇಳಿದರೆ ಉತ್ತರ ಸಿದ್ಧವಿತ್ತು: "ಜಾತಿಯಲ್ಲ, ಖಾರ. ಆಕಿ ಕೈಯಾಗ ಖಾರ ಇರತೈತಿ, ಪಾತ್ರಿಗೆ ಹತ್ತತೈತಿ." ನಮ್ಮ ಅಜ್ಜಂದಿರು ದೇವರನ್ನು ಬದಲಿಸಿದ್ದರು, ಕೂಡುವ ಜಾಗವನ್ನು ಬದಲಿಸಿರಲಿಲ್ಲ. ಆ ಉತ್ತರವನ್ನು ನಾನು ಮೊದಲಿನಿಂದಲೂ ನಂಬಿದ್ದೆ. ಎಲ್ಲ ಗ್ರಂಥಗಳನ್ನೂ ಸಂಶಯಿಸುವ ನನಗೆ ಅದೊಂದರ ಮೇಲೆ ಮಾತ್ರ ಎಂದೂ ಸಂಶಯ ಬರಲಿಲ್ಲ, ನೋಡಿ!

ಹೀಗಿರುವಾಗ ಒಂದು ಶನಿವಾರ ಕಾಕಾ ವೇದಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ಕಾಯುತ್ತಿದ್ದರು. ಪುಸ್ತಕದ ಕೊನೆಯ ಭಾಗದಲ್ಲಿ ಆದಿಸಭೆಯ ಹಿರಿಯರು ಬರೆದ ಪತ್ರಗಳಿವೆ. ಅವುಗಳಲ್ಲಿ ಒಂದರ ಮೇಲೆ ಅವರ ಬೆರಳಿತ್ತು. ಸಭೆಗೆ ಚಿನ್ನದುಂಗುರದವನು ಬಂದರೆ ಒಳ್ಳೆಯ ಜಾಗ ಕೊಡುತ್ತೀರಿ, ಹರಕು ಬಟ್ಟೆಯವನಿಗೆ ಕಾಲ ಬುಡದ ನೆಲ ತೋರಿಸುತ್ತೀರಿ, ಇದು ನ್ಯಾಯವೇ ಎಂದು ಕೇಳುವ ಪತ್ರ.

"ತಮ್ಮಾ, ಈ ಕಾಗದ ಯಾರಿಗೆ ಬರದದ್ದು?"

"ಎಲ್ಲಾ ಸಭೆಗೋಳಿಗೂ ಬರದದ್ರಿ ಕಾಕಾ."

"ಅಂದ್ರ ಬ್ಯಾಡಗಿಗೂ ಬಂದಂಗಾತು. ಉತ್ತರ ಹೋಗೇತೇನು?"

ನಾನು ನಕ್ಕೆ. "ಬರದಾಂವ ತೀರಿ ಸಾವಿರದ ಒಂಬೈನೂರು ವರ್ಷ ಆತ್ರಿ. ಯಾರಿಗೆ ಕಳಸೂದು?"

"ಬರದಾಂವ ತೀರಿದ್ರೇನಾತು? ಬರಸಿದಾಂವ ಅದಾನಲ್ಲ! ಪೆನ್ನು ತಗೊಂಡು ಕುಂದ್ರು."

ನನ್ನ ವಿದ್ವತ್ತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕೀತೇ? ಪತ್ರದ ಕರ್ತೃ ಯಾರೆಂಬುದೇ ನಿಶ್ಚಯವಿಲ್ಲ, ಆ ಹೆಸರಿನವರು ಆ ಕಾಲದಲ್ಲಿ ಹಲವರಿದ್ದರು, ಪರಂಪರೆ ಹೇಳುವುದನ್ನು ಕಣ್ಣು ಮುಚ್ಚಿ ಒಪ್ಪಲಾಗದು ಎಂದು ಅರ್ಧ ತಾಸು ವಿವರಿಸಿದೆ. ಕಾಕಾ ಶಾಂತವಾಗಿ ಕೇಳಿಸಿಕೊಂಡರು.

"ಬರದಾಂವ ಯಾರಂತ ನನಗೂ ತಿಳೀಲಿಲ್ಲ, ಬಿಡು. ಯಾರ ಮ್ಯಾಲ ಬರದಾನ ಅನ್ನೂದು ತಿಳೀತು. ನಿನ್ನ ಹೆಸರೊಂದು ಬಿಟ್ಟು ಉಂಗರದ ತನಕ ಎಲ್ಲಾ ಬರದಾನ."

ಒಳಗಿನಿಂದ ಚಿಗವ್ವ ನಕ್ಕದ್ದು ಕೇಳಿಸಿತು. ನಾನು ಬಿಗುಮಾನದಿಂದ ಪೆನ್ನು ತೆರೆದು, ಅಂಗಡಿಯ ಪದ್ಧತಿಯಂತೆ ಒಂದು ಕರಡು ಬರೆದೆ: "ತಮ್ಮ ಪತ್ರ ತಲುಪಿತು. ಅದರಲ್ಲಿಯ ವಿಷಯ ಪರಿಶೀಲನೆಯಲ್ಲಿದೆ."

"ಎಷ್ಟು ದಿನದಿಂದ ಪರಿಶೀಲನಿ?" ಎಂದರು ಕಾಕಾ. ಅವರ ದನಿ ಇಳಿಯಿತು. "ಮಾರ್ತವ್ವ ಹೊಸ್ತಲ ಹೊರಗ ಕುಂತು ಹನ್ನೆರಡು ವರ್ಷ ಆತು. ಸಭಿ ಹಿರ್ಯಾ ಅಂತ ಪಾತ್ರಿ ಹಿಡಕೊಂಡು ಹೋಗಿ ಆಕಿ ಪರಟಿಗೆ ಸುರವಿದಾಂವ ನಾನ. ಹಂಗಂತ ಬರಿ."

"ಅದನ್ನ ಬರಿಯಾಕ ಆಗೂದಿಲ್ರಿ ಕಾಕಾ. ಸಭಿ ಮಾನ ಹೋಗತೈತಿ."

"ಹಂಗಾರ ಬರಿಯಾಕ ಬರೂ ಹಂಗ ಮಾಡೋಣಂತ" ಎಂದು ಅವರು ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟರು.

ಮರುದಿನ ಪವಿತ್ರ ಭೋಜನ. ಪಾದ್ರಿಗಳು ಸೀನಿನ ನಡುವೆ ಬಿಡುವು ಹುಡುಕಿ ಪ್ರಾರ್ಥಿಸಿ, ಪಾತ್ರೆಯನ್ನು ಕಾಕಾನ ಕೈಗೆ ಕೊಟ್ಟರು. ಕಾಕಾ ಜಮಖಾನೆಯನ್ನು ದಾಟಿದರು, ಬರಿನೆಲವನ್ನು ದಾಟಿದರು, ನೇರವಾಗಿ ಹೊಸ್ತಿಲಿಗೆ ಹೋಗಿ ನಿಂತರು. ಜಮಖಾನೆಯಿಂದ ಗೌಡರೊಬ್ಬರು ಕೆಮ್ಮಿದರು.

"ಅಲ್ರೀ, ಇದು ಜಾತಿ ಮಾತಲ್ಲ, ನಿಮಗ ಗೊತ್ತೈತಿ. ಆಕಿ ಕೈಯಾಗ ಖಾರ ಐತಿ."

"ಖರೇ ಐತ್ರಿ ಗೌಡ್ರ" ಎಂದರು ಕಾಕಾ. "ಖಾರ ಇಲ್ಲದ ಕೈಯವರು ಮೊದ್ಲ ಕುಡೀಲಿ, ನಂದೇನೂ ಅಡ್ಡಿಲ್ಲ. ಎಲ್ಲಾರೂ ತಮ್ಮ ತಮ್ಮ ಬೆರಳಲೇ ಕಣ್ಣು ತಿಕ್ಕೊಂಡು ತೋರಸ್ರಿ."

ಮಂದಿರದ ತುಂಬ ಬೆಳೆಯುವವರು, ಒಣಗಿಸುವವರು, ಹೊರುವವರು, ತೂಗುವವರು. ಬ್ಯಾಡಗಿಯಲ್ಲಿ ಖಾರವಿಲ್ಲದ ಕೈ ಯಾವುದು? ಗೌಡರ ಕೈ ಮೆಲ್ಲಗೆ ಧೋತರದ ಮಡಿಕೆಯೊಳಗೆ ಸೇರಿತು. ಯಾರೂ ಕಣ್ಣು ಮುಟ್ಟಲಿಲ್ಲ.

ಒಬ್ಬನು ಎದ್ದು ನಿಂತ. ಮತ್ತಾರು? ನಾನೇ! ನನ್ನದು ಹಾವೇರಿಯ ಕೈ, ಏಲಕ್ಕಿಯ ಕೈ. ಸಭೆಯ ಮಾನವನ್ನು ಉಳಿಸುವ ಸುಗಂಧದ ಕೈ. ಎಲ್ಲರಿಗೂ ಕಾಣುವಂತೆ, ಉಂಗುರದ ಬೆರಳಿನಿಂದಲೇ, ಎರಡೂ ಕಣ್ಣುಗಳನ್ನು ಚೆನ್ನಾಗಿ ತಿಕ್ಕಿದೆ. ಆ ಬೆಳಿಗ್ಗೆ ಮಂದಿರದ ಕದ ತೆರೆದು ಜಮಖಾನೆ ಕೊಡವಿ ಹಾಸಿದವನು ನಾನೇ ಎಂಬುದು ಮರೆತಿತ್ತು. ಹಳೆಯ ಮಳಿಗೆಯ ಖಾರವೆಲ್ಲ ಉಂಗುರದ ಸಂದಿನಲ್ಲಿ ಕುಳಿತು ಕಾಯುತ್ತಿತ್ತು.

ಪಾದ್ರಿಗಳು ಮುಗಿಸಲಾಗದ ನರಕವರ್ಣನೆಯನ್ನು ನಾನು ಆ ದಿನ ಪೂರ್ತಿಗೊಳಿಸಿದೆ. ಕುಣಿದೆ, ಕೂಗಿದೆ, ಗೌಡರ ಕಾಲು ತುಳಿದೆ, ಗೋಡೆ ತಡವುತ್ತ ಹೊರಗೆ ಬಂದೆ. ಹೊಸ್ತಿಲ ಬಳಿ ಮಾರ್ತವ್ವನ ದನಿ ಕೇಳಿಸಿತು.

"ಯಪ್ಪಾ, ತಿಕ್ಕಬ್ಯಾಡ್ರಿ! ತಿಕ್ಕಿದಷ್ಟೂ ಹೆಚ್ಚಾಗತೈತಿ. ನನ್ನ ತಂಬಿಗ್ಯಾಗ ತಣ್ಣೀರದಾವು, ಸೆರಗು ತೊಯ್ಸಿ ಕೊಡ್ತೇನಿ, ಇಟ್ಗೋರಿ."

ಎರಡು ಕಣ್ಣಿಗೆ ಬೆಂಕಿ ಬಿದ್ದಿರುವಾಗಲೂ ನಾನು ಏನೆಂದೆ ಗೊತ್ತೇ? "ಬ್ಯಾಡ" ಎಂದೆ.

ನಡೆದದ್ದು ನೇರವಾಗಿ ಸ್ಟೇಶನ್ನಿಗೆ. ಗಾಡಿಗೆ ಎರಡು ತಾಸಿತ್ತು. ಎರಡು ತಾಸೂ ಕಣ್ಣೀರು ಸುರಿಯಿತು. ಅಲ್ಲಿಯ ಹಮಾಲನೊಬ್ಬ ಹೆಗಲ ಮೇಲೆ ಕೈಯಿಟ್ಟು, "ಯಾರು ತೀರಿಕೊಂಡ್ರಿ ಅಣ್ಣಾರ?" ಎಂದು ಕೇಳಿ, ಕುಡಿಯಲೂ ತೊಳೆಯಲೂ ನೀರು ತಂದುಕೊಟ್ಟ. ಕಣ್ಣು ತೊಳೆದೆ, ಹೊಟ್ಟೆತುಂಬ ಕುಡಿದೆ. ಅವನು ಯಾವ ಕೇರಿಯವನೆಂದು ಕೇಳುವ ನೆನಪೇ ನನಗಾಗಲಿಲ್ಲ.

ಮುಂದೆ ಮೂರು ರವಿವಾರ ಬ್ಯಾಡಗಿಯ ಕಡೆ ತಲೆ ಹಾಕಲಿಲ್ಲ. ಹಾವೇರಿಯಲ್ಲಿ ನಮ್ಮವರು ಯಾಕೆಂದು ಕೇಳಿದರು. "ಕಾಕಾಗ ಹುಚ್ಚು ಹಿಡದೈತಿ. ಸಭಿ ಒಡೀತು. ಅರ್ಧ ಮಂದಿ ಎದ್ದು ಹೋದ್ರು" ಎಂದೆ. ಒಬ್ಬನೇ ಎದ್ದು ಬಂದೆನೆಂದರೆ ಅದು ಸಿಟ್ಟು ಎನಿಸಿಕೊಳ್ಳುತ್ತದೆ. ಜೊತೆಗೆ ಇಪ್ಪತ್ತು ಮಂದಿಯನ್ನು ಎಬ್ಬಿಸಿಕೊಂಡು ಬಂದರೆ ಸಿದ್ಧಾಂತವಾಗುತ್ತದೆ! ಪತ್ರದ ಕರ್ತೃ ಯಾರೆಂದು ಅಷ್ಟು ವಾದಿಸಿದವನು, ಈ ಕತೆಯ ಕರ್ತೃ ಯಾರೆಂಬುದನ್ನು ಇಂದು ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ.

ಕಾಕಾನಿಂದ ಒಂದು ಕಾರ್ಡೂ ಬರಲಿಲ್ಲ. ನಾಲ್ಕನೆಯ ವಾರದಲ್ಲಿ ಚಿಗವ್ವ ಸಂತೆಗೆಂದು ಹಾವೇರಿಗೆ ಬಂದವಳು ಅಂಗಡಿಯ ಮುಂದೆ ನಿಂತಳು. ನಾನು ಹೊರಬಿದ್ದ ಮೇಲೆ ನಡೆದದ್ದನ್ನು ಅವಳೇ ಹೇಳಿದಳು. ಮಾರ್ತವ್ವ ಎರಡೂ ಕೈಯಿಂದ ಪಾತ್ರೆ ಹಿಡಿದಳಂತೆ. ಒಂದಿಷ್ಟು ಕಾಕಾನ ಧೋತರದ ಮೇಲೆ ಚೆಲ್ಲಿತಂತೆ. ಅವಳ ನಂತರ ಕಾಕಾ ಕುಡಿದರು, ಪಾದ್ರಿಗಳು ಕುಡಿದರು, ಒಬ್ಬೊಬ್ಬರಾಗಿ ಎಲ್ಲರೂ ಕುಡಿದರು. ಕೊನೆಗೆ ಗೌಡರು ಕುಡಿದು, ತುಟಿ ಒರೆಸಿಕೊಂಡು, "ಖಾರ ಏನೂ ಹತ್ತಲಿಲ್ಲ ಬಿಡ್ರಿ" ಎಂದರಂತೆ.

"ಹೊರಗ ಹೋದವರು ಯಾರ್ಯಾರು?" ಎಂದು ಆಸೆಯಿಂದ ಕೇಳಿದೆ.

"ನೀನೊಬ್ಬಾಂವ" ಎಂದಳು ಚಿಗವ್ವ. "ಕಣ್ಣು ಹೆಂಗದಾವಂತ ಮಾರ್ತವ್ವ ಎರಡು ಸಲ ಕೇಳ್ಯಾಳ. ಏನಂತ ಹೇಳ್ಲಿ?"

ಆ ರವಿವಾರ ಹೋದೆ. ಬಾಗಿಲ ಹೊರಗೆ ಯಾರೂ ಇರಲಿಲ್ಲ. ಮಾರ್ತವ್ವ ಜಮಖಾನೆಯ ಅಂಚಿನಲ್ಲಿ ಮುದುಡಿ ಕೂತಿದ್ದಳು. ನನ್ನನ್ನು ಕಂಡು ಇನ್ನಷ್ಟು ಸರಿದು, "ಬರ್ರಿ, ಇಲ್ಲಿ ಜಾಗ ಐತಿ. ಕಣ್ಣು ನೆಟ್ಟಗಾದ್ವೇನ್ರಿ?" ಎಂದಳು. ಪಾತ್ರೆ ಆಕೆಯ ಕೈಯಿಂದ ನನ್ನ ಕೈಗೆ ಬಂತು. ಖಾರವಿತ್ತೇ? ಇತ್ತು! ತುಟಿ ಚುರುಗುಟ್ಟಿತು. ಗೌಡರು ದೇವರ ಮನೆಯಲ್ಲಿ ನಿಂತು ಹಸಿ ಸುಳ್ಳು ಹೇಳಿದ್ದರು. ಅವರ ಬಗ್ಗೆ ಅಂದಿನಿಂದ ನನಗೆ ಗೌರವ ಹುಟ್ಟಿತು.

ಆ ಮಧ್ಯಾಹ್ನ ನಾನೇ ಪೆನ್ನು ತೆಗೆದು, "ಈಗ ಉತ್ತರ ಬರ್ಯೋಣೇನ್ರಿ ಕಾಕಾ?" ಎಂದು ಕೇಳಿದೆ. ಅವರು ತಲೆಯಲ್ಲಾಡಿಸಿದರು. "ಗೌಡ್ರ ಬಾಂವ್ಯಾಗ ಆಕಿ ಇನ್ನಾ ಕೊಡ ಇಳಿಸಿಲ್ಲ. ಆಕಿ ಮನ್ಯಾಗ ನಾ ಇನ್ನಾ ಉಂಡಿಲ್ಲ. ತಡಿ, ಅರ್ಧ ಮಾಡಿ ಪೂರಾ ಅಂತ ಬರದ್ರ ತೂಕದಾಗ ಮೋಸ ಆಗತೈತಿ." ಆಕೆಯ ಮನೆಯಲ್ಲಿ ಅವರು ಉಂಡರು. ಆಕೆ ಗೌಡರ ಬಾವಿಗೆ ಕೊಡ ಇಳಿಸುವ ಮೊದಲೇ, ಮಹಾಯುದ್ಧದ ನಡುವಿನ ಒಂದು ವರ್ಷ, ತೀರಿಕೊಂಡರು. ಹಳೆಯ ಪತ್ರದಿಂದ ಇಂದಿನವರು ಕಲಿಯಬೇಕಾದದ್ದೇನೆಂದು ಕೇಳುವವರಿಗೆ ನನ್ನಲ್ಲಿರುವುದು ಇಷ್ಟೇ: ಅದಕ್ಕೆ ಉತ್ತರ ಇನ್ನೂ ಹೋಗಿಲ್ಲ.

ಕಾಕಾನ ನಂತರ ಸಭೆಯ ಹಿರಿತನವನ್ನು ನನಗೆ ಕೊಟ್ಟರು. ಅದರೊಂದಿಗೆ ಹಾಜರಿ ಪುಸ್ತಕವೂ ಬಂತು. ನಾನು ಮೊದಲು ತೆರೆದದ್ದು, ನಾನು ಎದ್ದು ಹೋದ ಆ ತಿಂಗಳ ಪುಟವನ್ನೇ. ಒಟ್ಟು ಮೂವತ್ತೆಂಟು ಹೆಸರು. ಬಂದವರ ಮುಂದೆ ಒಂದು ಗೆರೆ, ಬಾರದವರ ಮುಂದೆ ಸೊನ್ನೆ; ಇದು ಕಾಕಾ ಪಾಲಿಸಿದ ಪದ್ಧತಿ. ಬೇಕಾದವರು ಎಣಿಸಿ ನೋಡಬಹುದು. ಪುಸ್ತಕ ಇಂದಿಗೂ ಮಂದಿರದ ಕಪಾಟಿನಲ್ಲಿದೆ, ಕೇಳಿದರೆ ತೋರಿಸುತ್ತಾರೆ. ಎದ್ದು ಹೋದ ಅರ್ಧ ಮಂದಿ ಅದರಲ್ಲಿ ಸಿಕ್ಕುವುದಿಲ್ಲ. ಮೂವತ್ತೇಳು ಹೆಸರುಗಳ ಮುಂದೆ ಗೆರೆಗಳಿವೆ. ನನ್ನ ಹೆಸರಿನ ಮುಂದೆ, ಆ ಮೂರು ರವಿವಾರಗಳಲ್ಲಿ, ಗೆರೆಯೂ ಇಲ್ಲ, ಸೊನ್ನೆಯೂ ಇಲ್ಲ. ಮೂರು ಕಡೆಯೂ ಕಾಕಾ ಒಂದೇ ಮಾತು ಬರೆದಿದ್ದಾರೆ: "ಬರ್ತಾನ."