ಕ್ಯಾಸ್ಮಿರ್ ಮಾಸ್ತರರ ಸ್ವಂತ ಕೃತಿ

ಬೆಳಿಗ್ಗೆ ಕ್ಯಾಸ್ಮಿರ್ ಮಾಸ್ತರರ ಹೆಬ್ಬೆರಳು ಫೋನಿನ ಮೇಲೆ ಅರ್ಧ ಇಂಚು ಜಾರಿತು. ಕೆಲಸಕ್ಕೆ ಹೋಗಿದ್ದ ಹೆಂಡತಿ ಇಸಾಬೆಲ್ಲಾಳಿಗೆ ಕಳಿಸಬೇಕಿದ್ದ ರೆಕಾರ್ಡಿಂಗ್ ಕಟ್ಟಡದವರ ವಾಟ್ಸಾಪ್ ಗ್ರೂಪಿಗೆ ಹೋಗಿ, ನೀರಿನ ಟ್ಯಾಂಕ್ ತೊಳೆಯುವ ಸೂಚನೆಯ ಕೆಳಗೆ ಕುಳಿತಿತು.

ಅದು ಸಾಮಾನ್ಯ ರೆಕಾರ್ಡಿಂಗ್ ಅಲ್ಲ. ಮಂಗಳೂರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಮಾಸ್ತರರು ಮಸ್ಕತ್ತಿಗೆ ಬಂದು ಇಪ್ಪತ್ತೇಳು ವರ್ಷ. ಅಲ್ ಮಬೇಲಾದಲ್ಲಿ ವಾಸ, ಮದೀನತ್ ಸುಲ್ತಾನ್ ಖಾಬೂಸಿನ ಮನೆಮನೆಗಳಲ್ಲಿ ಪಿಯಾನೊ ಪಾಠ. ಶುಕ್ರವಾರದ ರಜೆಗಳಲ್ಲಿ ಸ್ವರಕ್ಕೆ ಸ್ವರ ಕೂಡಿಸಿ ಅವರು ಕಟ್ಟಿದ ಒಂದೇ ಒಂದು ಸ್ವಂತ ಕೃತಿ ಅದು. ಅಂದು ಸಂಜೆ ಊರವರ ಸಂಘದ ಸಭೆಯಲ್ಲಿ ಅದನ್ನು ಮೊದಲ ಬಾರಿಗೆ ನುಡಿಸುವುದಿತ್ತು.

ಗಾಬರಿಯಿಂದ ಅಳಿಸಲು ಹೋದರು. ಎಲ್ಲರಿಗೂ ಅಳಿಸಬೇಕೋ, ನಿಮಗೆ ಮಾತ್ರವೋ ಎಂದು ಫೋನು ಕೇಳಿತು. ಬೇರೆಯವರ ಫೋನಿಗೆ ಕೈ ಹಾಕುವುದು ಮರ್ಯಾದೆಯಲ್ಲವೆಂದು ಮಾಸ್ತರರು ‘ನನಗೆ ಮಾತ್ರ’ ಒತ್ತಿ ನೆಮ್ಮದಿಯಾಗಿ ಚಹಾ ಕುಡಿದರು.

ಮಧ್ಯಾಹ್ನ ಲಿಫ್ಟಿನಲ್ಲಿ ಸವಾದನ ಜೇಬು ಅದೇ ಕೃತಿಯನ್ನು ನುಡಿಸಿತು. ಸವಾದ್ ಅದೇ ಕಟ್ಟಡದ ಕೆಳಗೆ ಮೊಬೈಲ್ ಅಂಗಡಿ ಇಟ್ಟವನು.

“ಇದು ಎಲ್ಲಿ ಸಿಕ್ಕಿತು ನಿಂಗೆ?”

“ನೀವೇ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದಲ್ವಾ ಮಾಷ್ಟ್ರೇ? ಭಾರೀ ಲಾಯ್ಕ್ ಉಂಟು! ಅಂಗಡಿಗೆ ಬಂದವರೆಲ್ಲ ರಿಂಗ್‌ಟೋನ್ ಹಾಕಿಸಿಕೊಂಡು ಹೋಗ್ತಿದ್ದಾರೆ.”

“ಅಯ್ಯೋ, ಅದು ನಾನು ಮಾಡಿದ್ದು ಮಾರಾಯಾ! ತೆಗೆಸು!”

“ತೆಗೆಸುವುದು ಹೇಗೆ? ಒಬ್ಬ ಆಗಲೇ ಸಲಾಲದ ಬಸ್ಸು ಹತ್ತಿ ಆಯ್ತು. ಖಲಾಸ್.”

ಆದರೂ ಸವಾದ್ ಒಳ್ಳೆಯ ಮನುಷ್ಯ. ಅಂಗಡಿಯ ಸ್ಪೀಕರಿನಲ್ಲಿ ಕೃತಿಯನ್ನು ಜೋರಾಗಿ ಹಾಕಿ, “ಈ ರಿಂಗ್‌ಟೋನ್ ಯಾರೂ ಇಟ್ಟುಕೊಳ್ಳಬಾರದು” ಎಂದು ಮೂರು ಭಾಷೆಗಳಲ್ಲಿ ಸಾರಿದ. ಅರ್ಧ ಗಂಟೆಯಲ್ಲಿ ಅದು ಬೇಕೆಂದು ಬಂದವರ ಸಾಲು ಪಕ್ಕದ ಬೇಕರಿ ದಾಟಿತು.

ಸಂಜೆ ಸಭಾಂಗಣ ತುಂಬಿತ್ತು. ಮಾಸ್ತರರು ಕೋಟಿನ ಗುಂಡಿ ಹಾಕಿಕೊಂಡು, ಬಿಸಿ ಕಾವಲಿ ಮುಟ್ಟುವವರಂತೆ ಪಿಯಾನೊ ಮುಟ್ಟಿದರು. ಕೃತಿಯ ಮೂರನೆಯ ಸಾಲು ಮುಗಿಯುವಷ್ಟರಲ್ಲಿ ಜನ ಜೇಬು, ಬ್ಯಾಗು ತಡಕತೊಡಗಿದರು. ಹಿಂದಿನಿಂದ ಒಬ್ಬರು “ಹಲೋ?” ಎಂದರು. ಎಡಗಡೆಯಿಂದ ನಾಲ್ವರು “ಹಲೋ, ಹಲೋ” ಎಂದರು.

ಎಲ್ಲರೂ ಗೌರವದಿಂದ ‘ಬಾಬ್’ ಎಂದು ಕರೆಯುವ ಸಂಘದ ಅಧ್ಯಕ್ಷ ಜಾರ್ಜ್ ವೇದಿಕೆಗೇ ಬಂದು ಕಿವಿಯಲ್ಲಿ ಹೇಳಿದರು: “ಮಾಷ್ಟ್ರೇ, ರಿಂಗ್‌ಟೋನ್ ಸಾಕು. ನಿಮ್ಮ ಸ್ವಂತದ್ದು ನುಡಿಸಿ.”

“ಇದೇ ಸ್ವಂತದ್ದು ಜಾರ್ಜ್ ಬಾಬ್!”

“ಎಂತ ಹೇಳ್ತೀರಿ? ನನ್ನ ಡ್ರೈವರನ ಫೋನಲ್ಲೂ ಇದೇ ಉಂಟು!”

ಮಾಸ್ತರರ ತಲೆ ಖಾಲಿಯಾಯಿತು. ತಲೆ ಕೈಬಿಟ್ಟ ಮೇಲೆ ಬೆರಳುಗಳು ತಮಗೆ ಗೊತ್ತಿದ್ದನ್ನು ಮಾಡಿದವು. ಮೊದಲ ದಿನ ಬಂದ ಮಕ್ಕಳಿಗೆ ಬೆರಳು ಪಳಗಲೆಂದು ಕೊಡುವ ಐದು ಸ್ವರಗಳ ಅಭ್ಯಾಸ: ಐದು ಮೆಟ್ಟಿಲು ಮೇಲೆ, ಐದು ಮೆಟ್ಟಿಲು ಕೆಳಗೆ. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡು ಬಹಳ ನಿಧಾನ ನುಡಿಸಿದರು. ಸಭೆ ಉಸಿರು ಹಿಡಿದು ಕೇಳಿತು. ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜಾರ್ಜ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. “ಇಪ್ಪತ್ತೇಳು ವರ್ಷದ ತಪಸ್ಸು!” ಎಂದರು.

ನಿಜ ಗೊತ್ತಿದ್ದದ್ದು ಇಸಾಬೆಲ್ಲಾಳಿಗೆ ಮಾತ್ರ. ಕಾರಿನಲ್ಲಿ ಅವಳು ಸಮಾಧಾನ ಹೇಳಿದಳು: “ಬಿಡಿ, ಹೆಸರಾದರೂ ಬಂತಲ್ಲ. ಇನ್ನು ನೋಡಿ, ಮಕ್ಕಳು ಸಾಲುಗಟ್ಟಿ ಬರ್ತಾರೆ.”

ಅವಳ ಮಾತು ಸುಳ್ಳಾಗಲಿಲ್ಲ. ಆ ವಾರವೇ ಹನ್ನೊಂದು ಮಂದಿ ಹೊಸದಾಗಿ ಸೇರಿದರು. ಎಲ್ಲರಿಗೂ ಬೇಕಾದದ್ದು ಮಾಸ್ತರರ ಆ ಐದು ಸ್ವರಗಳ ಮಹಾಕೃತಿ ಒಂದೇ. ಹತ್ತು ನಿಮಿಷದಲ್ಲಿ ಕಲಿತರು, ಥ್ಯಾಂಕ್ಸ್ ಹೇಳಿದರು, ಮತ್ತೆ ಬರಲಿಲ್ಲ.