ಗಡಿಯಾಚೆಯ ಹೊಗೆ, ಗಡಿಯೀಚೆಯ ಬಿಳುಪು

ಇದರಲ್ಲಿ ಪ್ರತಿಯೊಂದು ಮಾತೂ ಸತ್ಯ. ಬೇಕಾದರೆ ನನ್ನ ಹೆಂಡತಿಯ ಎದುರಿಗೇ ಹೇಳುತ್ತೇನೆ. ಅವಳೆದುರು ಇದುವರೆಗೆ ಯಾರ ಸುಳ್ಳೂ ನಿಂತಿಲ್ಲ.

ಪಕ್ಕದ ಪ್ರಾಂತ್ಯದವರು ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಾರೆ. ಕರೆಂಟು ಅವರಿಗೆ, ಹೊಗೆ ನಮಗೆ. ಈ ಹಂಚಿಕೆಯ ಬಗ್ಗೆ ಎರಡೂ ಸರ್ಕಾರಗಳಿಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ನನ್ನ ತಂಗಿಗೆ.

ಅವಳದು ಗಡಿಗೆ ಅಂಟಿಕೊಂಡ ಲಾಂಡ್ರಿ. ಇದ್ದ ಗಿರಾಕಿ ಒಂದೇ, ಸರ್ಕಾರಿ ಆಸ್ಪತ್ರೆ. ಬೆಳಿಗ್ಗೆ ತಾರಸಿಯ ಮೇಲೆ ಒಣಹಾಕಿದ ಬೆಡ್‌ಶೀಟು ಸಂಜೆಗೆ ಒಲೆ ಒರೆಸಿದ ಬಟ್ಟೆಯಾಗಿರುತ್ತಿತ್ತು. "ಇನ್ನೊಂದು ಸಲ ಹೀಗೆ ಬಂದ್ರೆ ಬೇರೆಯವರಿಗೆ ಕೊಡ್ತೀವಮ್ಮ" ಎಂದರು ಹೆಡ್ ನರ್ಸು. ಅಂದರೆ ಅಂಗಡಿಗೆ ಬೀಗ.

"ಅಣ್ಣ, ದೊಡ್ಡವರೆಲ್ಲ ನನಗೆ ಗೊತ್ತು ಅಂತ ಕಂಡಕಂಡ ಮದುವೇಲಿ ಹೇಳ್ಕೊಂಡು ತಿರುಗ್ತೀಯಲ್ಲ, ಈಗ ತೋರ್ಸು" ಎಂದಳು. ನಾನು ಹಿಂದೆ ಸರಿಯುವ ಪೈಕಿಯಲ್ಲ. ವಾಯು ಇಲಾಖೆಗೆ ನುಗ್ಗಿದೆ. ಹೊರಗಡೆ ಬೆಂಚಿನ ಮೇಲೆ ಅರ್ಧ ದಿನ ಗಂಭೀರವಾಗಿ ನುಗ್ಗಿದೆ.

"ಹೊಗೆ ನಮ್ಮ ಪ್ರಾಂತ್ಯದಲ್ಲೇ ಹುಟ್ಟಿದ್ದಾ?" ಎಂದು ಕೇಳಿದರು ನಮ್ಮ ಅಧಿಕಾರಿ.

"ಇಲ್ಲ ಸಾರ್, ಆ ಕಡೆಯಿಂದ ಬಂದದ್ದು."

"ಹಾಗಾದ್ರೆ ಅದು ಅವರ ಸ್ವತ್ತು. ಬೇರೆಯವರ ಸ್ವತ್ತಿಗೆ ನಾವು ಕೈ ಹಾಕೋ ಹಾಗಿಲ್ಲ."

ತಂಗಿಯೂ ನಾನೂ ಗಡಿ ದಾಟಿ ವಿದ್ಯುತ್ ಸ್ಥಾವರಕ್ಕೆ ಹೋದೆವು. ಅಲ್ಲಿನ ಎಂಜಿನಿಯರು ಕಿಟಕಿ ತೆರೆದು ಎದೆ ತುಂಬ ಉಸಿರೆಳೆದುಕೊಂಡರು. "ನಮ್ಮ ಗಾಳಿಗೆ ಪ್ರಶಸ್ತಿ ಬಂದಿದೆ. ಒಂದು ಚೂರು ಮಸಿ ಇಲ್ಲಿ ಬೀಳಬಾರದು ಅಂತಲೇ ಚಿಮಣಿ ಅಷ್ಟೆತ್ತರ ಕಟ್ಟಿದ್ದು."

"ಮತ್ತೆ ಮಸಿ ಎಲ್ಲಿ ಬೀಳುತ್ತೆ?"

"ಹೊರಗಡೆ."

"ಆ ಹೊರಗಡೆ ನನ್ನ ತಾರಸಿ ಸಾರ್" ಎಂದಳು ತಂಗಿ.

ಕಡೆಗೆ ನನ್ನ ಪ್ರಭಾವದಿಂದ, ಅಂದರೆ ತಂಗಿ ದಿನಾ ಹೋಗಿ ಕಿರುಚಿದ್ದರಿಂದ, ಎರಡೂ ಪ್ರಾಂತ್ಯಗಳ ಜಂಟಿ ಸಭೆ ಸೇರಿತು. ಸಭೆ ನಿಗದಿತ ಸಮಯಕ್ಕೆ ಸರಿಯಾಗಿ ಆರಂಭವಾಯಿತು. ಆದೇಶವೂ ಹೊರಬಿತ್ತು:

"ಗಡಿ ದಾಟುವ ಸಮಸ್ತ ಹೊಗೆಯು ತಪಾಸಣಾ ಗೇಟಿನ ಮೂಲಕವೇ, ಕಚೇರಿಯ ವೇಳೆಯಲ್ಲಿ, ರಸ್ತೆಯ ಎಡಬದಿಯಲ್ಲಿ ಸಾಗತಕ್ಕದ್ದು."

ಗೇಟು ಬಂತು, ಕಾವಲಿಗೆ ಇಬ್ಬರು ಬಂದರು, ಅಳತೆಯ ಯಂತ್ರ ಬಂತು. ಹೊಗೆ ಮಾತ್ರ ಬರಲಿಲ್ಲ. ಅದು ತನ್ನ ಪಾಡಿಗೆ ತಲೆಯ ಮೇಲೆ ಹೋಗುತ್ತಿತ್ತು. ಮೇಲೆ ನೋಡಲು ಕಾವಲುಗಾರರಿಗೆ ಆದೇಶವಿರಲಿಲ್ಲ. ಹೊಗೆ ಸಂಪೂರ್ಣ ನಿಂತಿದೆಯೆಂದು ಎರಡೂ ಕಡೆಯವರು ಪರಸ್ಪರ ಹಾರ ಹಾಕಿಕೊಂಡರು.

ತಂಗಿ ಬೆಡ್‌ಶೀಟನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿದಳು. "ಹೊಗೆ ಇಲ್ಲ ಅಂದ್ರೆ ಇದೇನು ಸಾರ್?"

ಅಧಿಕಾರಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಹೊಗೆ ಇಲ್ಲ ಅನ್ನೋದು ರುಜುವಾತಾಗಿದೆ. ನೀವು ಚೆನ್ನಾಗಿ ಒಗೆದಿದ್ದೀರಿ ತಾನೆ?"

"ಕೈ ಸವೆಯೋ ಹಾಗೆ."

"ಹೊಗೆ ಇಲ್ಲದ ಊರಲ್ಲಿ ಚೆನ್ನಾಗಿ ಒಗೆದ ಬಟ್ಟೆ ಬಿಳಿ ಅಲ್ಲದೆ ಇನ್ನೇನಮ್ಮ?"

ಆ ಬೆಡ್‌ಶೀಟನ್ನೇ ತುಂಡು ಮಾಡಿ, ಮೊಹರು ಹಾಕಿ, 'ಅಧಿಕೃತ ಬಿಳಿ' ಎಂದು ಎಲ್ಲ ಕಚೇರಿಗಳಿಗೂ ಕಳಿಸಿದರು. ಹೆಡ್ ನರ್ಸು ತಂಗಿಯ ಬಟ್ಟೆಯನ್ನು ಆ ಮಾದರಿಯ ಪಕ್ಕ ಹಿಡಿದು, "ಈಗ ನೋಡಮ್ಮ, ಹೇಗೆ ಹೊಳೀತಿದೆ!" ಎಂದರು. ಒಮ್ಮೆ ಮಳೆ ಬಂದು ಗಾಳಿ ತೊಳೆದುಹೋಗಿ, ಬಟ್ಟೆ ಹಾಲಿನಂತೆ ಒಣಗಿದಾಗ ಮಾತ್ರ, "ಇದೇನು ಬಣ್ಣ?" ಎಂದು ವಾಪಸು ಕಳಿಸಿದರು.

ಅಂಗಡಿ ಉಳಿಯಿತು, ಈಗ ಎರಡಾಗಿದೆ. ಮೊನ್ನೆ ರಿಪೇರಿಗೆಂದು ಸ್ಥಾವರ ನಿಂತಾಗ ತಂಗಿ ಮತ್ತೆ ವಾಯು ಇಲಾಖೆಗೆ ಹೋಗಿ, ನಮ್ಮ ಪಾಲಿನ ಹೊಗೆಯನ್ನು ಪಕ್ಕದವರು ತಡೆಹಿಡಿದಿದ್ದಾರೆಂದು ದೂರು ಕೊಟ್ಟಳು. ಅಧಿಕಾರಿಗಳು ಕೂಡಲೇ ಕ್ರಮ ಕೈಗೊಂಡರು.

ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನನ್ನ ಕಲ್ಪನೆ. ಆ ಸಭೆ ಸಮಯಕ್ಕೆ ಸರಿಯಾಗಿ ಆರಂಭವಾಗಲಿಲ್ಲ.