ಅತ್ತೆಯ ಮೇಲೆ ಗೋಡೆ ಬಿದ್ದ ದಿನ

ಆ ದಿನವೂ ನಾನು ನಾಲ್ಕೂವರೆಗೆ ಎದ್ದು, ಹಾಲು ಕಾಸಿ, ಶುಂಠಿ ಜಜ್ಜಿ ಚಹಾ ಮಾಡಿ, ನನ್ನ ಪಾಲಿನದನ್ನು ಒಲೆಯ ಪಕ್ಕ ಮುಚ್ಚಿಟ್ಟು, ಇನ್ನೊಂದು ಕಪ್ಪನ್ನು ಸೆರಗಿನಿಂದ ಮರೆಮಾಡಿಕೊಂಡು ಅಂಗಳಕ್ಕೆ ಇಳಿದೆ. ಅಂಗಳದ ಮೂಲೆಯಲ್ಲಿ ಒಂದು ತಗಡಿನ ಶೆಡ್ಡು. ಶೆಡ್ಡಿನೊಳಗೆ ಒಂದು ಮಂಚ. ಮಂಚದ ಮೇಲೆ ನನ್ನ ಅತ್ತೆ. ಇಷ್ಟು ಓದಿದ ಕೂಡಲೇ ನೀವು ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿರುತ್ತೀರಿ. ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಉಮರ್ಗಾದ ನಮ್ಮ ಓಣಿ ಪೂರ್ತಿ ಅದೇ ತೀರ್ಮಾನಕ್ಕೆ ಬಂದು ಬಹಳ ದಿನವಾಯಿತು.

ನಿಜ ಸಂಗತಿ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಆದ ಭೂಕಂಪದಲ್ಲಿ ನಮ್ಮ ಹಳೆಯ ಕಲ್ಲುಮಣ್ಣಿನ ಮನೆಯ ಗೋಡೆ ಅತ್ತೆಯವರ ಮಂಚದ ಮೇಲೆಯೇ ಬಿದ್ದಿತ್ತು. ಅವರು ನೀರು ಕುಡಿಯಲೆಂದು ಎದ್ದು ಹೊರಗೆ ಹೋಗಿದ್ದರಿಂದ ಉಳಿದರು. ಅದಾದ ಮೇಲೆ ಓಣಿಯವರೆಲ್ಲ ತಗಡಿನ ಶೆಡ್ಡುಗಳಲ್ಲಿ ಇದ್ದೆವು; ಆಮೇಲೆ ಒಬ್ಬೊಬ್ಬರೇ ಮನೆ ಕಟ್ಟಿಕೊಂಡು ಒಳಗೆ ಹೋದೆವು. ನಮ್ಮವರೂ ಸ್ಲ್ಯಾಬಿನ ಮನೆ ಕಟ್ಟಿಸಿ, ಎರಡು ಕಿಟಕಿಯ ಖೋಲಿಯನ್ನು ತಾಯಿಗೆಂದು ಬಿಟ್ಟರು. ಗೃಹಪ್ರವೇಶದ ದಿನ ಅತ್ತೆ ಬಂದು, ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿ, "ಛಲೋ ಅದ. ಘಟ್ಟಿ ಅದ. ಘಟ್ಟಿ ಇದ್ದದ್ದು ಬಿದ್ದರ ಇನ್ನೂ ಜೋರ ಬೀಳತದ," ಎಂದವರೇ ಹಾಸಿಗೆ ಸುತ್ತಿಕೊಂಡು ಶೆಡ್ಡಿಗೆ ವಾಪಸು ಹೋದರು. ಅಂದಿನಿಂದ ಅಲ್ಲೇ. ಬೇಸಿಗೆಯಲ್ಲಿ ಶೆಡ್ಡು ಹೆಂಚಿನಂತೆ ಕಾಯುತ್ತದೆ. ಚಳಿಗಾಲದಲ್ಲಿ ಅವರು ಕೆಮ್ಮುವುದು ನನಗೆ ಒಳಗೆ ಕೇಳಿಸುತ್ತದೆ. ಎಷ್ಟು ಕರೆದರೂ ಬರಲೊಲ್ಲರು.

ಇದು ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವವರು ಪಕ್ಕದ ಮನೆಯ ಕಾಶೀಬಾಯಿ. ನಾನು ಕಲಬುರ್ಗಿಯಲ್ಲಿ ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ದನಿ ಎತ್ತಬಾರದು, ಸೀನುವಾಗ ಕರವಸ್ತ್ರ ಹಿಡಿಯಬೇಕು, ಕುರ್ಚಿ ತಾಗಿದರೂ 'ಸಾರಿ' ಎನ್ನಬೇಕು, ಹೀಗೆ ಬೆಳೆದವಳು. "ಇಷ್ಟ ಮೆತ್ತಗ ಮಾತಾಡತಾಳ ಅಂದ್ರ ಒಳಗ ಏನರ ಇರಲೇಬೇಕು," ಎಂಬುದು ಕಾಶೀಬಾಯಿಯವರ ಅಭಿಪ್ರಾಯ. ಅವರು ನನಗೆ ನೇರವಾಗಿ ಏನೂ ಅನ್ನುವುದಿಲ್ಲ. ತಮ್ಮ ಎಮ್ಮೆಗೆ ಹೇಳುತ್ತಾರೆ. ಅಂದು ಬೆಳಿಗ್ಗೆಯೂ ನಾನು ಚಹಾ ಹಿಡಿದು ಶೆಡ್ಡಿನತ್ತ ಹೋಗುವಾಗ ಆಚೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದವರು ಎಮ್ಮೆಯ ಬೆನ್ನು ಸವರಿ, "ನಿನಗರ ಪಕ್ಕಾ ಗ್ವಾಡಿ ಕೊಟ್ಟಿಗಿ ಅದ ನಮ್ಮವ್ವಾ, ಪುಣ್ಯಾವಂತಿ ನೀ," ಎಂದರು. ಎಮ್ಮೆ ನನ್ನನ್ನೇ ನೋಡಿತು. ಆ ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯ ನನಗೆ ಇಂದಿಗೂ ಇಲ್ಲ.

ಅಂದು ನಾವು ಹೈದರಾಬಾದಿಗೆ ಹೊರಟಿದ್ದೆವು. ನಮ್ಮವರದು ಬಟ್ಟೆ ಅಂಗಡಿ. ಅವರಿಗೆ ಮಾಲು ಕೊಡುವ ಅಲ್ಲಿನ ವ್ಯಾಪಾರಿ ಸಿನೆಮಾ ತೆಗೆಯುವ ಸ್ಟುಡಿಯೋ ನೋಡಲು ಮೂರು ಟಿಕೀಟು ಕೊಟ್ಟಿದ್ದರು. "ನಾಕು ದೊಡ್ಡ ದೊಡ್ಡ ಬಿಲ್ಡಿಂಗ್ ನೋಡಿದ್ರ ಅವ್ವನ ಅಂಜಿಕಿ ತಾನs ಹೋಗತದ ನೋಡು," ಎಂಬುದು ನಮ್ಮವರ ಸಿದ್ಧಾಂತ. ಅತ್ತೆ ಒಂದೇ ಪ್ರಶ್ನೆ ಕೇಳಿದ್ದರು: "ಅದು ಬೈಲದಾಗ ಅದನೋ, ಇಲ್ಲೋ?" ಎಕರೆಗಟ್ಟಲೆ ಬಯಲು ಎಂದಾಗ ಒಪ್ಪಿದರು.

ಬಾಡಿಗೆ ಜೀಪಿನಲ್ಲಿ ಹತ್ತು ಗಂಟೆಗೆಲ್ಲ ತಲುಪಿದೆವು. ಒಳಗೆ ಹೋದರೆ ಅರಮನೆ, ಕೋಟೆ, ವಿಮಾನ ನಿಲ್ದಾಣ, ಕೋರ್ಟು, ಜೈಲು ಎಲ್ಲ ಒಂದೇ ಓಣಿಯಲ್ಲಿ ನಿಂತಿವೆ. ವಿಮಾನ ನಿಲ್ದಾಣದ ಹಿಂಬದಿಗೆ ಹೋದರೆ ಅದೇ ಆಸ್ಪತ್ರೆ. ಅರಮನೆಯ ಹಿಂದೆ ಬೊಂಬುಗಳ ಆಸರೆ, ಮರಳಿನ ಚೀಲ, ಯಾರೋ ಒಣಹಾಕಿದ ಎರಡು ಬನಿಯನ್. ಸಿಂಹಾಸನದ ಒಂದು ಕಾಲಿಗೆ ಮಡಚಿದ ಬೀಡಿ ಪಾಕೀಟನ್ನು ಒತ್ತು ಕೊಟ್ಟಿದ್ದರು. ನಾನು ಇಂಥದ್ದನ್ನೇ ನೋಡುತ್ತ ನಿಂತರೆ ನಮ್ಮವರು, "ಏ, ಮುಂದ ನೋಡು, ಹಿಂದೇನು ನೋಡತಿ?" ಎಂದು ಗದರುತ್ತಿದ್ದರು.

ಅತ್ತೆಯವರ ದಾರಿ ಬೇರೆ. ಅವರು ಯಾವ ಗೋಡೆಯನ್ನೂ ಬಡಿಯದೆ ಬಿಡಲಿಲ್ಲ. ಅರಮನೆಯ ಕಂಬ: ಡಬ್ ಡಬ್. ಜೈಲು: ಡಬ್ ಡಬ್. "ಏ ಹುಡುಗಿ, ಇಲ್ಲಿ ಎಲ್ಲಾ ಪೊಳ್ಳ ಅದಲ್ಲ! ಇದನ್ನ ಕಟ್ಟಿದ ಗೌಂಡಿ ಯಾಂವ?" ಕೋರ್ಟಿನ ಹತ್ತಿರ ಸ್ವಲ್ಪ ಜೋರಾಗಿಯೇ ಬಡಿದರು. ಬೆರಳು ಒಳಗೆ ಹೋಯಿತು. ನ್ಯಾಯಾಲಯದ ಗೋಡೆಗೆ ಹುಣಸೆಬೀಜದಷ್ಟು ತೂತು. ದೂರದಿಂದ ಗೈಡು, "ಅಮ್ಮಾ, ಹಾತ್ ನಕ್ಕೋ ಲಗಾವ್!" ಎಂದು, ಮುಟ್ಟಬೇಡಿರೆಂದು ಕೈ ಬೀಸುತ್ತ ಓಡಿಬಂದ. ಸಿಸ್ಟರುಗಳು ಕಲಿಸಿದ ಮುಗುಳ್ನಗೆಯನ್ನು ಧರಿಸಿ ನಾನು ತೂತಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಫೋಟೋ ತೆಗೆಸಿಕೊಳ್ಳುವವರು ನಾಲ್ಕು ಗುಂಪು ಬಂದು ಹೋದರೂ ಕದಲಲಿಲ್ಲ. ಯಾರ ಯಾರ ಮನೆಯ ಆಲ್ಬಮ್ಮಿನಲ್ಲೋ ಹಸಿರು ಇಳಕಲ್ ಸೀರೆಯುಟ್ಟ ಒಬ್ಬ ಅಪರಿಚಿತ ಹೆಂಗಸು ವಿನಾಕಾರಣ ನಗುತ್ತ ನಿಂತಿದ್ದರೆ, ಅದು ನಾನು. ಅಲ್ಲಿಂದ ಮುಂದೆ ಅತ್ತೆಯವರ ಬಲಗೈಯನ್ನು ನನ್ನ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡೆ. ನೋಡುವವರಿಗೆ ಬಹಳ ಪ್ರೀತಿಯ ಸೊಸೆಯಂತೆ ಕಂಡಿರಬೇಕು.

ಅದೇ ತಪ್ಪಾಯಿತು. ಮಧ್ಯಾಹ್ನ ಒಂದು ದೊಡ್ಡ ಸಭಾಂಗಣದಲ್ಲಿ ಸಿನೆಮಾ ಹೇಗೆ ತೆಗೆಯುತ್ತಾರೆಂದು ತೋರಿಸುವ ಆಟವಿತ್ತು. ಒಳಗೆ ಹೋಗುವಾಗ ಅತ್ತೆ ಬಾಗಿಲ ಹತ್ತಿರ ಕೈ ಎಳೆದುಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. "ಬಯಲು ಅಂದಿದ್ರಿ," ಎಂದು ಗೊಣಗುತ್ತಲೇ ಬಂದು ಮೊದಲ ಸಾಲಿನಲ್ಲಿ ಕುಳಿತರು. ವೇದಿಕೆಯ ಮೇಲೆ ನಮ್ಮ ಹಳೆಯ ಮನೆಯಂಥದೇ ಕರಿಕಲ್ಲಿನ ಗೋಡೆ. ಆಟ ನಡೆಸುವವನು ಪ್ರೇಕ್ಷಕರನ್ನೆಲ್ಲ ಒಮ್ಮೆ ನೋಡಿ, ಡೊಳ್ಳುಹೊಟ್ಟೆಯ ಕಾರಣಕ್ಕೋ ಏನೋ, ನಮ್ಮವರನ್ನೇ ಕರೆದ. ಪೇಟ ಸುತ್ತಿ, ಕೈಗೆ ಖಡ್ಗ ಕೊಟ್ಟು, ಗೋಡೆಯ ಬುಡದಲ್ಲಿ ನಿಲ್ಲಿಸಿದ. ಉಮರ್ಗಾದಲ್ಲಿ ಬಸವರಾಜ ಶೇಠ ಎನಿಸಿಕೊಂಡವರು ಅಲ್ಲಿ ಸೇನಾಪತಿಯಾಗಿ ಮೀಸೆ ತಿರುವುತ್ತಿದ್ದರು.

ದೀಪ ಆರಿತು. ಸ್ಪೀಕರಿನಿಂದ ಗುಡುಗುಡು ಎಂದು ಸದ್ದು. ಗೋಡೆ ಅಲುಗಿತು.

"ಏ ಬಸ್ಯಾ! ಹೊರಗ ಬಾರೋ!"

ಮೊಣಕಾಲು ನೋವೆಂದು ಮೆಟ್ಟಿಲು ಹತ್ತಲೂ ನನ್ನ ಹೆಗಲು ಹಿಡಿಯುವ ಅತ್ತೆ ನನ್ನ ಕೈ ಕಿತ್ತುಕೊಂಡು ಒಂದೇ ನೆಗೆತಕ್ಕೆ ವೇದಿಕೆ ಏರಿ, ಸೇನಾಪತಿಯ ಸೊಂಟದ ಪಟ್ಟಿ ಹಿಡಿದು ಎಳೆದರು. ಎಳೆದ ರಭಸಕ್ಕೆ ಮಗ ಈಚೆ ಬಿದ್ದರು, ತಾಯಿ ಆಚೆ ಉಳಿದರು, ಗೋಡೆ ಧಡಧಡ ಎಂದು ಅವರ ಮೇಲೆಯೇ ಕುಸಿಯಿತು. ಇಡೀ ಬೆಳಿಗ್ಗೆ ಪೊಳ್ಳು ಗೋಡೆಗಳನ್ನೇ ನೋಡಿದ್ದ ನನಗೂ ಒಂದು ಗಳಿಗೆ ಎಲ್ಲ ಮರೆತುಹೋಯಿತು. "ಅತ್ತೀ!" ಎಂದು ಕಿರುಚಿದೆ. ಸ್ಪೀಕರಿನ ಸದ್ದನ್ನೂ ಮೀರಿ ಕಿರುಚಿದೆನಂತೆ. ಜನ್ಮದಲ್ಲಿ ಒಮ್ಮೆ ದನಿ ಎತ್ತಿದೆ. ಅದನ್ನು ಕೇಳಲು ಕಾಶೀಬಾಯಿ ಅಲ್ಲಿರಲಿಲ್ಲ.

ಕಲ್ಲುಗಳು ಚೆಂಡಿನಂತೆ ಪುಟಿದವು. ಒಂದು ಕಲ್ಲು ಉರುಳಿ ಎರಡನೆಯ ಸಾಲಿಗೆ ಬಂದಾಗ ಯಾರೋ ಮಗು ಒದ್ದು ವಾಪಸು ಕಳಿಸಿತು. ದೀಪ ಹತ್ತಿದಾಗ ಅತ್ತೆ ಕಲ್ಲುಗಳ ನಡುವೆ ಕಾಲು ಚಾಚಿ ಕುಳಿತಿದ್ದರು. ಒಂದನ್ನು ಎತ್ತಿದರು. ಬಡಿದರು. ತಮ್ಮ ತಲೆಯ ಮೇಲೆ ತಾವೇ ಕುಕ್ಕಿಕೊಂಡರು. ಆಮೇಲೆ ನಕ್ಕರು, ನೋಡಿ, ತಂಬಾಕಿನ ಹಲ್ಲೆಲ್ಲ ಕಾಣುವಂತೆ.

"ಬಿತ್ತಲ್ಲೋ ಬಸ್ಯಾ!"

"ಏನ ಬಿತ್ತವ್ವಾ? ಎಲ್ಲಿ ಬಡೀತು?" ಎಂದು ನಮ್ಮವರು ಪೇಟ ಸರಿಮಾಡಿಕೊಳ್ಳುತ್ತ ತೊದಲಿದರು.

"ಗ್ವಾಡಿ! ನನ್ನ ಮ್ಯಾಲ ಬಿತ್ತಲ್ಲ! ಇಷ್ಟು ವರ್ಷಾ ಇವತ್ತು ಬೀಳತದ, ನಾಳಿ ಬೀಳತದ ಅಂತ ಕಾಯಕೋತ ಕುಂತಿದ್ದೆ. ಬಿದ್ದು ಹೋತು. ಮುಗೀತಿಲ್ಲೋ ಇನ್ನ?" ಎಂದವರು ಆಟ ನಡೆಸುವವನತ್ತ ತಿರುಗಿ, "ಏ ತಮ್ಮಾ, ಇನ್ನೊಮ್ಮಿ ಬೀಳಸು," ಎಂದರು.

ಜನ ಶಿಳ್ಳೆ ಹೊಡೆದರು. ಅವನಿಗೂ ಹುರುಪು ಬಂತು. ಒಟ್ಟು ಮೂರು ಸಲ ಗೋಡೆ ಬಿತ್ತು, ಮೂರು ಸಲವೂ ಅತ್ತೆಯ ಮೇಲೆ. ಮೂರನೆಯ ಸಲ ಅವರು ಕಣ್ಣು ಕೂಡ ಮುಚ್ಚಲಿಲ್ಲ. ಹೊರಡುವಾಗ ಅಂಚು ಮುರಿದಿದ್ದ ಒಂದು ಕಲ್ಲನ್ನು ಅವನೇ ಅವರಿಗೆ ಕೊಟ್ಟ. ಹಿಟ್ಟಿನ ಡಬ್ಬಿಯಷ್ಟು ದೊಡ್ಡದು. ಕಪ್ಪು ಬಣ್ಣ, ಅಲ್ಲಲ್ಲಿ ಪಾಚಿ. ನಾನು ಹತ್ತಿರದಿಂದ ನೋಡಿದೆ: ಪಾಚಿ ಎಂದರೆ ಹಸಿರು ಉಲನ್ನಿನ ಚೂರು. ಕೆಳಗೆ ಸೀಮೆಸುಣ್ಣದಲ್ಲಿ 'ಏಳು' ಎಂದು ಬರೆದಿತ್ತು.

ದಾರಿಯುದ್ದಕ್ಕೂ ಕಲ್ಲು ಅತ್ತೆಯ ತೊಡೆಯ ಮೇಲೆ. ಹುಮನಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನವನೊಬ್ಬ, "ಅಯ್ಯ, ಕೊಡ್ರಿ ಆಯಿ, ಕೆಳಗಿಡತೀನಿ," ಎಂದು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಎರಡೂ ಕೈಯಿಂದ ಎತ್ತಿ, ಹಿಂದಿದ್ದ ಬೆಂಚಿನ ಮೇಲೆ ಅಂಗಾತ ಬಿದ್ದ. ಅತ್ತೆ ಚಹಾ ಚೆಲ್ಲುವ ಹಾಗೆ ನಕ್ಕರು. ನಕ್ಕು ಮುಗಿಸಿ, ಏನೂ ದೊಡ್ಡ ವಿಷಯವಲ್ಲವೆಂಬಂತೆ, "ಇವತ್ತಿನಿಂದ ನಾ ಒಳಗ ಮಲಗತೀನಿ. ಆ ಎರಡು ಕಿಡಕಿ ಖೋಲಿ ಖಾಲಿ ಅದ ಅಲ್ಲ?" ಎಂದರು.

ಖೋಲಿ ಖಾಲಿ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಹೊಲಿಗೆ ಯಂತ್ರ, ಉಪ್ಪಿನಕಾಯಿಯ ಭರಣಿಗಳು, ನಮ್ಮವರ ಹಳೆಯ ಲೆಡ್ಜರುಗಳು ಒಂದೊಂದಾಗಿ ಅಲ್ಲಿ ಸಂಸಾರ ಹೂಡಿದ್ದವು. ನಾಚಿಕೆಯ ಮಾತು, ಅತ್ತೆ ಒಳಗೆ ಬರುತ್ತೇನೆ ಎಂದಾಗ ನನಗೆ ಮೊದಲು ನೆನಪಾದದ್ದು ಭರಣಿಗಳನ್ನು ಎಲ್ಲಿಡಲಿ ಎಂಬುದು. ಎರಡನೆಯದಾಗಿ ಕಣ್ಣಲ್ಲಿ ನೀರು ಬಂತು. ಮೂರನೆಯದಾಗಿ ಕಾಶೀಬಾಯಿ ನೆನಪಾದರು. ನಾಳೆ ಬೆಳಿಗ್ಗೆ ಚಹಾ ಹಿಡಿದು ಅಂಗಳಕ್ಕೆ ಇಳಿಯುವುದೇ ಬೇಡ. ಬರಿಗೈಯಲ್ಲಿ ಹೋಗಿ, ಕಟ್ಟೆಯ ಆಚೆಗಿನ ಎಮ್ಮೆಗೆ, "ನಮ್ಮ ಅತ್ತಿ ಒಳಗ ಮಲಗ್ಯಾರವ್ವಾ," ಎಂದು ಮೆತ್ತಗೆ ಹೇಳಿ ಬಂದರೆ ಸಾಕು. ಇದನ್ನೇ ಉಮರ್ಗಾದವರೆಗೂ ಬಾಯಿಪಾಠ ಮಾಡಿದೆ.

ಓಣಿಗೆ ಬಂದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಎಲ್ಲರೂ ಹೊರಗೇ ಇದ್ದರು. ಕಾಶೀಬಾಯಿ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದರು. ನಮ್ಮವರು ಜೀಪಿನವನ ಹತ್ತಿರ ಮಾತಾಡುತ್ತ ಓಣಿಯ ಬಾಯಲ್ಲೇ ಉಳಿದರು. ಅತ್ತೆ ಮೊದಲು ಇಳಿದು, ಅಭ್ಯಾಸಬಲದಿಂದ ಸೆರಗನ್ನು ಸಿಂಬಿ ಸುತ್ತಿ, ಕಲ್ಲನ್ನು ತಲೆಯ ಮೇಲೆ ಹೊತ್ತರು. ಕಲ್ಲೆಂದ ಮೇಲೆ ಮೈಗೆ ತಾನೇ ತಿಳಿಯುತ್ತದಲ್ಲ, ಬೆನ್ನು ಬಗ್ಗಿತು, ಒಂದು ಕೈ ಸೊಂಟಕ್ಕೆ ಹೋಯಿತು. "ಕೊಡ್ರಿ ಅತ್ತಿ, ನಾ ತರತೀನಿ," ಎಂದೆ, ನನ್ನ ಎಂದಿನ ದನಿಯಲ್ಲಿ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. "ಬಿಡು, ನಾನೇ ಒಯ್ತೀನಿ!" ಎಂದು ಅವರು ಓಣಿಗೆಲ್ಲ ಕೇಳುವಂತೆ ಹೇಳಿ ಮುಂದೆ ನಡೆದರು. ಹಿಂದೆ ನಾನು. ಒಂದು ಕೈಯಲ್ಲಿ ಪರ್ಸು. ಇನ್ನೊಂದು ಕೈಯಲ್ಲಿ ಕರವಸ್ತ್ರ, ಕುತ್ತಿಗೆಯ ಬೆವರು ಒರೆಸಿಕೊಳ್ಳಲು.

ಕಾಶೀಬಾಯಿಯವರ ಮೊರ ನಿಂತಿತು. ಅತ್ತೆಯನ್ನು ನೋಡಿದರು, ಕಲ್ಲನ್ನು ನೋಡಿದರು, ನನ್ನ ಪರ್ಸನ್ನು ನೋಡಿದರು. ನಾನು ಬಾಯಿಪಾಠ ಮಾಡಿದ್ದ ಮಾತು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅವರು ನಿಧಾನವಾಗಿ ಎಮ್ಮೆಯ ಕಡೆ ತಿರುಗಿದರು.

"ನಾವು ನಿನ್ನ ಹಾಲಷ್ಟs ಹಿಂಡತೀವಿ ನಮ್ಮವ್ವಾ," ಎಂದರು. "ಕಲ್ಲ ಹೊರಸಂಗಿಲ್ಲ ನೋಡು."